ಕಾಗೆಗೆ ಕೊಟ್ಟ ಮಾತು

ಸಂಪಾದಕರು "ಏನಾದರೂ ಬರೆದುಕೊಡು ಮಾರಾಯಾ" ಎಂದಾಗ ಒಂದು ಕವಿತೆ ಬರೆದುಬಿಡೋಣ ಎಂದುಕೊಂಡೆ. ಬರಲಿಲ್ಲ. ನಾನು ಕಾಮರ್ಸಿನವ. ಹತ್ತನೆಯ ಇಯತ್ತೆಯ ತನಕ ಅಕ್ಕಲಕೋಟ ತಾಲೂಕಿನ ನಮ್ಮೂರ ಕಡೆ ಕನ್ನಡ ಶಾಲೆಯಲ್ಲಿ ಕಲಿತು, ಪುಣೆಗೆ ಬಂದ ಮೇಲೆ ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಎಂಬುದನ್ನು ಇಂಗ್ಲಿಷಿನಲ್ಲಿ ತಿಳಿಯಲು ವರ್ಷಗಟ್ಟಲೆ ಒದ್ದಾಡಿದವ. ಹೀಗಾಗಿ ನನಗೆ ಗೊತ್ತಿರುವ ಒಂದು ಸಾಲದ ವಿಷಯವನ್ನೇ ಬರೆಯುತ್ತೇನೆ.

ಅಪ್ಪ ಊರಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟಿದ್ದರು. ನಾನು ಮೊದಲನೆಯ ವರ್ಷದಲ್ಲಿದ್ದಾಗ ಎದೆನೋವೆಂದು ಮಲಗಿದವರು ಏಳಲಿಲ್ಲ. ಹತ್ತನೆಯ ದಿನ ಭೀಮಾ ದಂಡೆಗೆ ಹೋದೆವು. ಪಿಂಡ ಇಟ್ಟು ಹಿಂದೆ ಸರಿದು ನಿಂತೆವು. ಜಾಲಿಯ ಮರದ ಮೇಲೆ ನಾಲ್ಕೈದು ಕಾಗೆ ಬಂದು ಕೂತವು, ಕೆಳಗೆ ಮಾತ್ರ ಇಳಿಯಲಿಲ್ಲ. ಅರ್ಧ ತಾಸಾಯಿತು. ಬಿಸಿಲು ನೆತ್ತಿಗೆ ಬಂತು.

"ಕಾಗಿ ಮುಟ್ಟವಲ್ದು," ಎಂದರು ಕಾಕಾ. "ಅಣ್ಣನ ಮನಸ್ಸಿನ್ಯಾಗ ಏನೋ ಉಳದೈತಿ. ತಮ್ಮಾ, ಮಾತ ಕೊಡು."

"ಅವ್ವನ್ನ ಚಲೋ ನೋಡ್ಕೋತೀನಿ," ಅಂದೆ. ಇಲ್ಲ.

"ತಂಗೀನ್ನ ಸಾಲಿ ಬಿಡಸೂದಿಲ್ಲ," ಅಂದೆ. ಒಂದು ಕಾಗೆ ಕೊಂಬೆ ಬದಲಿಸಿತು, ಅಷ್ಟೆ.

ಆಗ ನೆನಪಾಯಿತು. "ಸೋಲಾಪುರದವರ ಬಾಕಿ ನಾ ಮುಟ್ಟಸ್ತೀನಿ," ಅಂದೆ. ಬಿಸಿಲು ತಡೆಯಲಾರದೆ ಎಲ್ಲರೂ ಮತ್ತಷ್ಟು ಹಿಂದೆ, ನೆರಳಿಗೆ ಸರಿದೆವು. ಕಾಗೆ ಇಳಿದು ಅನ್ನ ಮುಟ್ಟಿತು. ಕಾಕಾ ಕೈಮುಗಿದು ಅತ್ತರು. ನಾವು ದೂರ ಸರಿದದ್ದಕ್ಕೇ ಅದು ಇಳಿದದ್ದು ಎಂದು ನನ್ನ ಮನಸ್ಸು ಹೇಳಿತು. ಕಾಕಾನ ಮುಂದೆ ನಾನು ಆ ಮಾತು ಆಡಲಿಲ್ಲ. ಇವತ್ತಿಗೂ ಆಡಿಲ್ಲ.

ಪರಲೋಕದ ಮೇಲಿನ ನನ್ನ ನಂಬಿಕೆ ಅದಕ್ಕೂ ಮುಂಚೆಯೇ ಸಡಿಲಾಗಿತ್ತು. ನಮ್ಮ ಸಂಘದ ಕಪಾಟಿನಲ್ಲಿ ಎ.ಎನ್. ಮೂರ್ತಿರಾಯರ 'ದೇವರು' (1991) ಸಿಕ್ಕಿ ಓದಿದ್ದೆ. ಆದರೆ ಪುಸ್ತಕ ಓದಿ ನಂಬಿಕೆ ಬಿಡುವುದು ಬೇರೆ, ಅಪ್ಪ ಸತ್ತ ಮೇಲೆ ಹಾಸ್ಟೆಲಿನ ಕೋಣೆಯಲ್ಲಿ ಎಚ್ಚರಾಗಿ ಮಲಗಿರುವುದು ಬೇರೆ. ಅವರು ಎಲ್ಲಿಯೂ ಇಲ್ಲ! ಮೇಲೂ ಇಲ್ಲ, ಕಾಗೆಯಲ್ಲೂ ಇಲ್ಲ. ಹಾಗಾದರೆ ಇಷ್ಟು ವರ್ಷ ನಸುಕಿನಲ್ಲೆದ್ದು ಮೂಟೆ ಇಳಿಸಿದ್ದು, ತೂಗಿದ್ದು, ಬೈಸಿಕೊಂಡದ್ದು ಎಲ್ಲ ಎಲ್ಲಿಗೆ ಹೋಯಿತು? ನಾನಾದರೂ ಯಾಕೆ ಪರೀಕ್ಷೆಗೆ ಓದಬೇಕು? ಒಂದು ತಿಂಗಳು ಕ್ಲಾಸಿಗೆ ಹೋಗಲಿಲ್ಲ.

ಅಂಗಡಿಯ ಮಾಲು, ತಕ್ಕಡಿ, ಡಬ್ಬಿ ಎಲ್ಲ ಮಾರಿ ಕೊಟ್ಟ ಮೇಲೂ ಸೋಲಾಪುರದ ಹೋಲ್‌ಸೇಲ್ ಸಾವಕಾರರಿಗೆ 41,000 ರೂಪಾಯಿ ಉಳಿಯಿತು. ಮನೆ ಅವ್ವನ ಹೆಸರಿನಲ್ಲಿದೆ. ನನ್ನ ರೂಮಿನ ಗೆಳೆಯ ನಕ್ಕ: "ಸತ್ತ ಮ್ಯಾಲ ಏನೂ ಇಲ್ಲಂತಿ, ಮತ್ತ ಯಾಕ ಕೊಡ್ತಿ? ಸಾಲ ಮಾಡಿ ತುಪ್ಪ ತಿನ್ನು!"

ಇದು ಚಾರ್ವಾಕರ ಹೆಸರಿಗೆ ಅಂಟಿದ ಮಾತು. 14ನೆಯ ಶತಮಾನದ 'ಸರ್ವದರ್ಶನಸಂಗ್ರಹ'ದಲ್ಲಿದೆ. ಚಾರ್ವಾಕರ ಸ್ವಂತ ಗ್ರಂಥಗಳು ಉಳಿದಿಲ್ಲವಂತೆ. ಅವರು ಹೀಗೆಂದರು ಎಂದು ನಮಗೆ ತಿಳಿಸಿದವರು ಹೆಚ್ಚಾಗಿ ಅವರ ವಿರೋಧಿಗಳೇ. ಅದೇನೇ ಇರಲಿ, ಆರೋಪ ಇಂದಿಗೂ ಹಾಗೇ ಇದೆ: ಪರಲೋಕ ಇಲ್ಲವೆನ್ನುವವನು ಸಾಲ ಮುಳುಗಿಸುವವನು!

ಕಾಯ್ದೆ ಏನನ್ನುತ್ತದೆ ನೋಡೋಣವೆಂದು ಪುಸ್ತಕ ತೆಗೆದೆ. ಅಪ್ಪನ ಸಾಲವನ್ನು ಮಗ ತೀರಿಸದಿದ್ದರೆ ಅಪ್ಪನಿಗೆ ಪರಲೋಕದಲ್ಲಿ ಗತಿಯಿಲ್ಲ ಎಂಬ ಶಾಸ್ತ್ರದ ಮಾತಿನಿಂದಲೇ ಹಳೆಯ ಹಿಂದೂ ಕಾಯ್ದೆ ಮಗನ ಮೇಲೆ ಹೊಣೆ ಹೊರಿಸಿತ್ತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆಯ ನಂತರ ಮಾಡಿದ ಸಾಲಕ್ಕೆ ಆ ಧರ್ಮದ ಹೊಣೆಯೊಂದನ್ನೇ ಮುಂದೆ ಮಾಡಿ ಮಗನ ಮೇಲೆ ದಾವೆ ಹಾಕಲು ಬರುವುದಿಲ್ಲ. ಅಪ್ಪನಿಂದ ಬಂದ ಆಸ್ತಿ ಎಷ್ಟೋ ಅಷ್ಟಕ್ಕೇ ಹೊಣೆ. ಅಂದರೆ ನನ್ನನ್ನು ನರಕವೂ ಕೇಳುವುದಿಲ್ಲ, ಕೋರ್ಟೂ ಕೇಳುವುದಿಲ್ಲ. ಕೇಳುವುದು ಆ ಕಾಗೆ ಮಾತ್ರ. ಅದಕ್ಕಂತೂ ನೆನಪಿರಲಿಕ್ಕಿಲ್ಲ.

ದೀಪಾವಳಿ ರಜೆಗೆ ಹೋದಾಗ ಅಪ್ಪನ ಉದ್ರಿ ವಹಿ ತೆರೆದೆ, ಯಾರಿಂದಾದರೂ ವಸೂಲಾದೀತೇ ಎಂದು. 2020ರ ಲಾಕ್‌ಡೌನಿನ ಪುಟಗಳು ಬಂದವು. ಪುಣೆ, ಮುಂಬಯಿಗಳಲ್ಲಿ ಕೆಲಸ ನಿಂತು ಊರಿಗೆ ಮರಳಿದವರ ಹೆಸರುಗಳು. ಜೋಳ, ಎಣ್ಣೆ, ಚಹಾಪುಡಿ, ಬೆಲ್ಲ. ಎಷ್ಟೋ ಲೆಕ್ಕಗಳ ಮೇಲೆ ಅಡ್ಡಗೆರೆ ಎಳೆದಿತ್ತು, ಜಮೆಯ ಕಡೆ ಮಾತ್ರ ಖಾಲಿ. ಪಾಠದಲ್ಲಿ ಇದಕ್ಕೆ 'ಬ್ಯಾಡ್ ಡೆಟ್' ಎನ್ನುತ್ತಾರೆ. ಅವ್ವನನ್ನು ಕೇಳಿದೆ.

"ಕೊಡಾಕ ಅವರ ಕಡೆ ಏನಿತ್ತಪಾ?" ಎಂದಳು. "ಹುಡುಗ್ರು ಉಪಾಸ ಇದ್ವು."

ಅಪ್ಪನ ಸಾಲ ಬೆಳೆದದ್ದು ಹೀಗೆ. ಅವರು ಪಟ್ಟ ಕಷ್ಟ ಎಲ್ಲಿಗೆ ಹೋಯಿತು ಎಂಬ ನನ್ನ ಪ್ರಶ್ನೆಗೆ ಆ ವಹಿಯಲ್ಲಿ ಉತ್ತರವಿತ್ತು. ಆ ಓಣಿಯ ಮಕ್ಕಳ ಹೊಟ್ಟೆಗೆ ಹೋಯಿತು. ಆ ಮಕ್ಕಳು ಈಗ ನಾನು ಕಲಿತ ಶಾಲೆಗೇ ಹೋಗುತ್ತವೆ. ಅಪ್ಪ ಎಲ್ಲೋ ಕೂತು ಇದನ್ನು ನೋಡಿ ಸಂತೋಷಪಡುತ್ತಿಲ್ಲ ನಿಜ. ಆದರೆ ಅವರು ಊಟ ಮಾಡಿದ್ದು ಸುಳ್ಳಾಗುವುದಿಲ್ಲವಲ್ಲ!

ಭಗತ್ ಸಿಂಗ್ 1930ರಲ್ಲಿ ಲಾಹೋರಿನ ಜೈಲಿನಲ್ಲಿ, ತಾನೇಕೆ ನಾಸ್ತಿಕ ಎಂದು ಬರೆದ. ಕುಣಿಕೆ ಬಿಗಿದ ಗಳಿಗೆಯೇ ತನ್ನ ಕೊನೆ, ಆಚೆ ಏನೂ ಇಲ್ಲ, ಹೋರಾಡಿದ ಸಣ್ಣ ಬಾಳೇ ತನಗೆ ಪ್ರತಿಫಲ ಎಂದು ಅದರಲ್ಲಿ ಹೇಳಿಕೊಂಡಿದ್ದಾನೆ. ಮರುವರ್ಷ ಗಲ್ಲಿಗೇರಿದಾಗ ಅವನಿಗೆ 23. ನನಗಿಂತ ಮೂರೇ ವರ್ಷ ದೊಡ್ಡವ. ಅಷ್ಟು ದೊಡ್ಡ ಎದೆ ನನಗಿಲ್ಲ. ನನ್ನದು 41,000 ರೂಪಾಯಿಯ ವಿಷಯ.

ಸಾವಕಾರರ ಹತ್ತಿರ ಹೋದೆ. ಅವರು ವಹಿ ತೆಗೆಯುವ ಮೊದಲು ಚಹಾ ತರಿಸಿದರು. "ನಿಮ್ಮಪ್ಪ ಇಲ್ಲೇ ಹಮಾಲರ ಜೋಡಿ ಕುಂತು ಚಾ ಕುಡೀತಿದ್ರು. ನಿಮಗ ಆದಾಂಗ ಕೊಡ್ರಿ," ಎಂದರು. ಈಗ ಸಂಜೆ ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ ಬರೆಯುತ್ತೇನೆ. ತಿಂಗಳಿಗೆ 1,500ರಂತೆ 14 ಕಂತು ಕೊಟ್ಟಿದ್ದೇನೆ. ಇನ್ನು 20,000 ಬಾಕಿ. ತಂಗಿ ಹನ್ನೆರಡನೆಯ ಇಯತ್ತೆಯಲ್ಲಿದ್ದಾಳೆ. ಕ್ಲಾಸಿಗೂ ಹೋಗುತ್ತಿದ್ದೇನೆ.

ಪ್ರತಿ ಕಂತು ಕಳಿಸಿದಾಗ ಅವ್ವನಿಗೆ ಫೋನ್ ಮಾಡುತ್ತೇನೆ. "ನಿಮ್ಮಪ್ಪ ಮ್ಯಾಲಿಂದ ನೋಡ್ತಿರ್ತಾರ," ಎನ್ನುತ್ತಾಳೆ. ನಾನು "ಹೂಂ ಅವ್ವಾ" ಎನ್ನುತ್ತೇನೆ. ಇದು ಸುಳ್ಳು ಹೇಳಿದಂತಾಯಿತೇ? ಒಮ್ಮೊಮ್ಮೆ ಯೋಚನೆಯಾಗುತ್ತದೆ. ಆಮೇಲೆ ಅಪ್ಪನ ಅದೇ ವಹಿಯ ಕೊನೆಯ ಪುಟ ತೆಗೆದು, ತಾರೀಖು ಹಾಕಿ, 1,500 ಎಂದು ಬರೆದು ಮಲಗುತ್ತೇನೆ. ನಿದ್ದೆ ಬರುತ್ತದೆ.