ಹಡಗಿನ ಸ್ವೀಟ್ ರೊಕ್ಕಕ್ಕ ತಕ್ಕದ್ದ ಅದ ಏನ್ರಿ?

ಮೊದಲ ಹೇಳಿಬಿಡತೇನಿ, ಇದು ತಿನ್ನೋ ಸ್ವೀಟ್ ಅಲ್ಲ. ಹಡಗಿನಾಗ ದೊಡ್ಡ ಖೋಲಿಗೆ ಸ್ವೀಟ್ ಅಂತಾರ. ನಮ್ಮ ಮಗಳು ಸಿಯಾಟಲ್‌ದಿಂದ ಫೋನ್ ಮಾಡಿ, "ಅಮ್ಮಾ, ಅಲಾಸ್ಕಾ ಹಡಗಿನಾಗ ನಿಮ್ಮಿಬ್ಬರಿಗೂ ಸ್ವೀಟ್ ಬುಕ್ ಮಾಡತೇನಿ" ಅಂದಾಗ, ನಮ್ಮ ಮನಿಯವರು ಈ ಕಡೆಯಿಂದ, "ಸಕ್ಕರಿ ಕಡಿಮಿ ಇದ್ದದ್ದು ಹೇಳವಾ, ನನಗ ಶುಗರ್ ಅದ" ಅಂತ ಖರೇನ ಹೇಳಿದ್ರು. ಮಗಳು ನಕ್ಕು ನಕ್ಕು ಫೋನ್ ಇಟ್ಟಳು.

ನಮ್ಮ ಮದುವಿಯಾಗಿ 35 ವರ್ಷ ಆತು, ಇವರು ರಿಟೈರೂ ಆದ್ರು, ಅದಕ್ಕ ಮಗಳು-ಅಳಿಯ ಕೂಡಿ ಕೊಡೋ ಉಡುಗೊರಿ ಇದು. ಏಳು ರಾತ್ರಿ, ತಲಿಗೆ 4,200 ಡಾಲರ್. ಇಬ್ಬರಿಗೆ 8,400. ನಮ್ಮ ರೊಕ್ಕದಾಗ ಸುಮಾರು 7 ಲಕ್ಷ! ಈ ಓಣ್ಯಾಗ 7 ಲಕ್ಷಕ್ಕ ಒಂದು ಮದುವಿ ಮಾಡಿ ಮುಗಿಸಿದವರನ್ನ ನಾ ಬಲ್ಲೆ. ಆದ್ರೂ ಮಕ್ಕಳು ಪ್ರೀತಿಲೆ ಕೊಡೋದನ್ನ ಏಕದಂ ಬ್ಯಾಡ ಅನ್ನಬಾರದು. "ಅದ ಹಡಗಿನಾಗ ಉಳದ ಖೋಲಿ ದರ ಎಷ್ಟು, ಕಳಸು ನೋಡೋಣ" ಅಂದೆ. ಕಿಟಕಿ ಇಲ್ಲದ ಒಳಗಿನ ಖೋಲಿ ತಲಿಗೆ 950, ಬಾಲ್ಕನಿ ಖೋಲಿ 1,600. ಎಲ್ಲಾ ಒಂದೊಂದು ಖೋಲ್ಯಾಗ ಇಬ್ಬರು ಇರತಾರ ಅಂತ ಹಿಡದು ಹೇಳೋ ದರ. ಒಬ್ಬರ ಇದ್ರ ಭಾಳ ಸಲ ಇಬ್ಬರದೂ ರೊಕ್ಕ ಕೊಡಬೇಕು.

ಈ ಒಬ್ಬರ ಮಾತು ಬಂದಾಗ ನನಗ ನಮ್ಮ ಬೀಗತಿ ನೆನಪಾದ್ರು. ಬೀಗರು ತೀರಿಕೊಂಡ ಮ್ಯಾಲೆ ನಾಲ್ಕು ವರ್ಷದಿಂದ ಅವರು ನನ್ನ ಮಗಳ ಮನ್ಯಾಗ ಇದ್ದಾರ. ಮೊಮ್ಮಗನ್ನ ಸಾಲಿಗೆ ಬಿಡೋದು, ಕರಕೊಂಡು ಬರೋದು, ಡಬ್ಬಿ ಕಟ್ಟೋದು, ಸಂಜಿಗೆ ಇವರಿಬ್ಬರು ದಣದು ಬಂದ್ರ ಬಿಸಿ ಅನ್ನ ಹಾಕೋದು, ಎಲ್ಲಾ ಅವರದ. ಅವರು ಇದ್ದದ್ದಕ್ಕ ನನ್ನ ಮಗಳು ನಿಶ್ಚಿಂತಿ ನೌಕರಿ ಮಾಡತಾಳ. ಅವರ ತಿರುಗಾಟ ಅಂದ್ರ ಗುಡಿ, ಕಿರಾಣಿ ಅಂಗಡಿ, ಮನಿ. ಸ್ಪೀಕರ್‌ದಾಗ ಅವರು ಅಂದ್ರು, "ವೈನಿಯವರ, ನೀವಿಬ್ಬರೂ ಆರಾಮ ಹೋಗಿ ಬರ್ರಿ. ನಾ ಹುಡುಗನ್ನ ನೋಡಿಕೊಂಡು ಇರತೇನಿ. ಫೋಟೋ ಮಾತ್ರ ಮರೀದ ಕಳಸ್ರಿ." ಅವರ ಮಾತಿನಾಗ ಕೊಂಕು ಇರಲಿಲ್ಲ. ಆದ್ರ ನನಗ ಆ ರಾತ್ರಿ ನಿದ್ದಿ ಬರಲಿಲ್ಲ ನೋಡ್ರಿ. ಅವರ ಮನಿ ಹೊಸ್ತಿಲಾ ದಾಟಿ ನಾವು ಗಂಡ-ಹೆಂಡ್ತಿ ಸ್ವೀಟಿಗೆ ಹೋಗೋದು, ಅವರು ನಮ್ಮ ಮೊಮ್ಮಗಗ ಡಬ್ಬಿ ಕಟ್ಟಕೋತ ಕೂಡೋದು, ಇದು ಯಾವ ನ್ಯಾಯ?

ನಾ ಓದಿದ್ದು ಪಿಯುಸಿ ಆದ್ರೂ ಲೆಕ್ಕದಾಗ ಪಕ್ಕಾ ಇದ್ದೇನಿ. ಮರುದಿನ ಹಾಲಿನ ಲೆಕ್ಕದ ವಹಿ ತೊಗೊಂಡು ಕೂತೆ. ಈ ಸ್ವೀಟಿನಾಗ ಮಾರೋದೇನು, ಅದರಾಗ ನಮ್ಮ ಉಪಯೋಗಕ್ಕ ಬೀಳೋದೇನು ಅಂತ ಒಂದೊಂದ ಬರದೆ.

ನಾ ತಿಳಕೊಂಡದ್ದು ಹೇಳತೇನಿ. ಸ್ವೀಟ್ ಅಂದ್ರ ಬರೇ ದೊಡ್ಡ ಖೋಲಿ ಅಲ್ಲ, ಗದ್ದಲದಿಂದ ಬಿಡುಗಡಿ. ಈಗಿನ ಹಡಗ ಎಷ್ಟು ದೊಡ್ಡವು ಅಂದ್ರ, 2024ರ ಜನವರ್ಯಾಗ ಮೊದಲನೇ ಸಲ ಹೊಂಟ 'ಐಕಾನ್ ಆಫ್ ದಿ ಸೀಸ್' ಅನ್ನೋ ಹಡಗಿನಾಗ ತುಂಬಿದ್ರ 7,600 ಮಂದಿ ಹಿಡಸತಾರಂತ, 20 ಅಂತಸ್ತು. ಒಂದು ಸಣ್ಣ ಊರ ನೀರಿನ ಮ್ಯಾಲೆ ತೇಲಿದಂಗ. ಅಷ್ಟು ಮಂದಿ ಒಮ್ಮೆಲೆ ನಾಷ್ಟಾಕ್ಕ ಬಂದ್ರ ಏನಾಗತದ, ಕಲ್ಪನಾ ಮಾಡ್ರಿ. ಅದಕ್ಕ ಕಂಪನಿಯವರು ಹಡಗಿನೊಳಗ ಇನ್ನೊಂದು ಸಣ್ಣ ಹಡಗ ಮಾಡ್ಯಾರ. ಎಂಎಸ್‌ಸಿಯವರು 2008ರಾಗ 'ಫ್ಯಾಂಟಾಸಿಯಾ' ಹಡಗಿನಾಗ 'ಯಾಟ್ ಕ್ಲಬ್' ಅಂತ ಸುರು ಮಾಡಿದ್ರು. ನಾರ್ವೇಜಿಯನ್ ಕಂಪನಿದು 'ಹೇವನ್', ಸೆಲೆಬ್ರಿಟಿಯವರದು 'ರಿಟ್ರೀಟ್'. ಅಲ್ಲಿ ಸ್ವೀಟಿನವರಿಗಂತ ಬ್ಯಾರೆ ಊಟದ ಮನಿ, ಬ್ಯಾರೆ ಪಡಸಾಲಿ, ಬಿಸಲಿಗೆ ಮಲಗಲಿಕ್ಕೆ ಬ್ಯಾರೆ ಜಾಗಾ. ಕುನಾರ್ಡ್ ಕಂಪನಿಯ 'ಕ್ವೀನ್ ಮೇರಿ 2' ಹಡಗಿನಾಗಂತೂ ನೀವು ಯಾವ ಖೋಲಿ ತೊಗೊಂಡೀರಿ ಅನ್ನೋದರ ಮ್ಯಾಲೆ ಯಾವ ಊಟದ ಮನ್ಯಾಗ ಕೂಡಬೇಕು ಅನ್ನೋದು ಠರಾವು. ಮದುವಿ ಮನ್ಯಾಗ ಬೀಗರ ಪಂಕ್ತಿ ಬ್ಯಾರೆ ಹಾಕತಾರಲ್ಲ, ಹಂಗ.

ಇನ್ನ ನಮ್ಮ ಉಪಯೋಗದ ಮಾತು.

ಒಂದು, ಕುಡಿಯೋದು. ದೊಡ್ಡ ಸ್ವೀಟಿನ ದರದಾಗ ಭಾಳ ಕಡೆ ದಾರೂದ ಪ್ಯಾಕೇಜ್ ಸೇರಿಸಿರತಾರ, ಹತ್ತಿದ ಕೂಡಲೆ ಶಾಂಪೇನ್ ಬಾಟ್ಲಿ ಇಡತಾರ. ನಮ್ಮ ಮನಿಯವರಿಗೆ ಚಹಾ ಎರಡು ಕಪ್ ಜಾಸ್ತಿ ಆದ್ರ ಎದಿ ಉರೀತದ. ಅಲ್ಲಿಗೆ ಆ ರೊಕ್ಕ ಸಮುದ್ರದಾಗ ಹಾಕಿದಂಗ.

ಎರಡು, ಊಟ. ಸ್ವೀಟಿನವರ ಸ್ಪೆಷಲ್ ಊಟದ ಮನ್ಯಾಗಿನ ಹೆಚ್ಚುಗಾರಿಕಿ ಅಂದ್ರ ಮಾಂಸ, ಮೀನ, ಸಿಗಡಿ. ಪಲ್ಯಾ ತಿನ್ನೋ ಮಂದಿಗೆ ಎಲ್ಲಾರೂ ಉಣ್ಣೋ ಬಫೆನ ಪಾಡು. ಅಲ್ಲಿ ಅನ್ನ, ಬ್ಯಾಳಿ, ಪನೀರ್ ಹೆಚ್ಚುಕಡಿಮಿ ಸಿಕ್ಕ ಸಿಗತದ. ಮುಖ್ಯ ಊಟದ ಮನ್ಯಾಗ ಮೊದಲ ಹೇಳಿಟ್ರ ಇಂಡಿಯನ್ ವೆಜಿಟೇರಿಯನ್ ಮಾಡಿಕೊಡತಾರ. (ಶೇಂಗಾ ಹಿಂಡಿ, ಚಟ್ನಿಪುಡಿ ಒಯ್ಯೋರು ಗಮನಿಸ್ರಿ: ಮನ್ಯಾಗ ಮಾಡಿದ್ದು ಸಾಮಾನ್ಯ ಬಿಡಂಗಿಲ್ಲ, ಅಂಗಡ್ಯಾಗಿನ ಸೀಲ್ ಇದ್ದ ಪಾಕೀಟ ನಡೀತದ.)

ಮೂರು, ಬಟ್ಲರ್. ಒಂದು ಪರದೇಶಿ ಹುಡುಗ ಬಂದು ನನ್ನ ಸೀರಿ ಬ್ಯಾಗ್ ಬಿಚ್ಚಿ ಕಪಾಟಿನಾಗ ಜೋಡಿಸೋದು ನೋಡಕೋತ ನಿಂದ್ರಲಿಕ್ಕೆ ನನಗ ಆಗೋ ಮಾತ ಅಲ್ಲ.

ನಾಲ್ಕು, ದೊಡ್ಡ ಬಾಲ್ಕನಿ. ಇದು ಬೇಕನಸ್ತು. ಆದ್ರ ಅಳಿಯ ಒಂದು ಮಾತು ಹುಡುಕಿ ತಗದಾ. ಭಾಳ ಹಡಗಿನಾಗ ಬಾಜೂಬಾಜೂ ಬಾಲ್ಕನಿ ಖೋಲಿ ತೊಗೊಂಡ್ರ, ಖೋಲಿ ನೋಡಿಕೊಳ್ಳೋ ಹುಡುಗಗ ಹೇಳಿದ್ರ ನಡುವಿನ ತಡಿಕಿ ತಗದುಬಿಡತಾನ. ಎರಡು ಬಾಲ್ಕನಿ ಕೂಡಿ ಒಂದ ಆಗತದ, ಓಣಿ ಕಟ್ಟಿ ಇದ್ದಂಗ!

ಅಲ್ಲಿಗೆ ನನ್ನ ಲೆಕ್ಕ ಮುಗೀತು. ಒಂದು ಬಾಲ್ಕನಿ ಖೋಲ್ಯಾಗ ನಾವಿಬ್ಬರು, ಬಾಜೂದಾಗ ಬೀಗತಿ ಮತ್ತ ಮೊಮ್ಮಗ, ಎದುರಿಗೆ ಕಿಟಕಿ ಇಲ್ಲದ ಖೋಲ್ಯಾಗ ಮಗಳು-ಅಳಿಯ. ನಾಲ್ಕು ಮಂದಿಗೆ 1,600ರಂಗ 6,400, ಇಬ್ಬರಿಗೆ 1,900. ಕೂಡಿ 8,300. ಇಬ್ಬರ ಸ್ವೀಟಿಗಿಂತ 100 ಡಾಲರ್ ಕಡಿಮಿ, ಆರು ಮಂದಿ! ಬಂದರದ ತೆರಿಗಿ, ದಿನಾ ತಲಿಗೆ ಇಷ್ಟಂತ ಹಚ್ಚೋ ಟಿಪ್ಸ್ ಬ್ಯಾರೆ, ಅವು ಖೋಲಿ ದರದಾಗ ಬರಂಗಿಲ್ಲ. ಸ್ವೀಟಿನವರಿಗೆ ಟಿಪ್ಸ್ ಇನ್ನೂ ಜಾಸ್ತಿ ಹಚ್ಚತಾರ. ಹಂಗಿದ್ರೂ ಆರು ತಲಿ ಅಂದ ಮ್ಯಾಲೆ ನಮಗ ಒಂದೂವರಿ ಸಾವಿರ ಡಾಲರ್ ಹೆಚ್ಚಿಗಿ ಬಂತು. ಅದನ್ನ ನಮ್ಮ ಮನಿಯವರು ತಮ್ಮ ರಿಟೈರಮೆಂಟ್ ರೊಕ್ಕದಾಗ ಕೊಟ್ಟರು. "ಬೀಗತಿಯವರು ಬರತಾರಂದ್ರ ನಮ್ಮದೂ ಪಾಲು ಇರಲಿ" ಅಂದ್ರು. ಅವತ್ತ ಇವರ ಮ್ಯಾಲೆ ನನಗ ಅಭಿಮಾನ ಬಂತು.

ಮಗಳು ಮೊದಲಿಗೆ ಮುಖ ಸಣ್ಣದು ಮಾಡಿದಳು. ತಾ ಕೊಡೋ ಉಡುಗೊರ್ಯಾಗ ತಾನ ಬಂದು ಸೇರಿದ್ರ ಹೆಂಗ ಅಂತ. ಬೀಗತಿಯವರಂತೂ, "ನನ್ನ ಮೊಳಕಾಲು ಹಿಂಗ ಅವ, ನನ್ನ ಕಟಗೊಂಡು ನೀವ್ಯಾಕ ತ್ರಾಸ ತೊಗೋತೀರಿ" ಅಂದ್ರು. ನಾ ಅಂದೆ, "ವೈನಿಯವರ, ಹುಡುಗನ ಖೋಲ್ಯಾಗ ದೊಡ್ಡವರೊಬ್ಬರು ಇರಬೇಕಂತ ಹಡಗಿನವರ ಕಾನೂನು ಅದ. ನೀವು ಬರದಿದ್ರ ಅವಂಗ ಖೋಲಿ ಕೊಡಂಗಿಲ್ಲ." ಮೊಮ್ಮಗನ ಸಲುವಾಗಿ ಅಂದ್ರ ಅವರು ಏನಕ್ಕೂ ಇಲ್ಲ ಅನ್ನಂಗಿಲ್ಲ.

ಇನ್ನೊಂದು ಖರ್ಚು ಹೇಳಿಬಿಡತೇನಿ, ಯಾಕಂದ್ರ ಯಾವ ಖೋಲಿ ತೊಗೊಂಡ್ರೂ ಅದು ತಪ್ಪಂಗಿಲ್ಲ. ಸಿಯಾಟಲ್‌ದಿಂದ ಅಲಾಸ್ಕಾಕ್ಕ ಹೋಗಿಬರೋ ಪರದೇಶಿ ಬಾವುಟದ ಹಡಗ ನಡುವ ಒಂದು ಪರದೇಶದ ಬಂದರ ಮುಟ್ಟಬೇಕು, 1886ರ ಅಮೆರಿಕದ ಕಾನೂನದು. ಅದಕ್ಕ ಕಡೀಕ ಕೆನಡಾದ ವಿಕ್ಟೋರಿಯಾದಾಗ ನಿಂದ್ರತದ. ನಮ್ಮ ಪಾಸ್‌ಪೋರ್ಟಿಗೆ ಕೆನಡಾ ವೀಸಾ ಬೇಕು. ಇದನ್ನ ಮೊದಲ ಮಾಡಿಸಿಕೊಳ್ಳಬೇಕು.

ಪ್ರವಾಸದಾಗ ಸ್ವೀಟ್ ಇದ್ದಿದ್ರ ಛಲೋ ಇತ್ತು ಅನಿಸಿದ ಹೊತ್ತೂ ಇದ್ದವು, ಅದನ್ನ ಮುಚ್ಚಿಡಂಗಿಲ್ಲ. ಹತ್ತೋ ದಿನ ಬಂದರದಾಗ ಒಂದೂವರಿ ತಾಸು ಪಾಳಿ. ಸ್ವೀಟಿನವರು ಬಾಜೂದ ಬಾಗಲದಿಂದ ಭರಕ್ಕನ ಹೋಗಿಬಿಟ್ಟರು. ಬೀಗತಿಯವರು ಒಂದು ಬ್ಯಾಗಿನ ಮ್ಯಾಲೆ ಕೂತು ಮೊಳಕಾಲು ತಿಕ್ಕಿಕೊಂಡ್ರು. ಲಿಫ್ಟಿಗೆ ಕಾಯೋದು ದಿನಾ ಇತ್ತು. ಮಳಿ ಬಂದ ದಿನ ಬಫೆದಾಗ ಆರು ಮಂದಿಗೆ ಒಂದ ಕಡೆ ಕುರ್ಚಿ ಸಿಗಲಿಲ್ಲ, ಮೂರು ಕಡೆ ಹಂಚಿ ಉಂಡ್ವಿ. ಮೊಳಕಾಲಿಗೆ ಬೆಲಿ ಕಟ್ಟಿದ್ರ ಸ್ವೀಟಿನ ರೊಕ್ಕದಾಗ ಒಂದು ಪಾಲು ಅಲ್ಲೇ ವಸೂಲಿ.

ಆದ್ರ ಗ್ಲೇಸಿಯರ್ ಬೇ ದಿನ ಕೇಳ್ರಿ. ಅದು ಸರಕಾರದ ಕಾಯ್ದಿಟ್ಟ ಕಾಡು, ದಿನಕ್ಕ ದೊಡ್ಡ ಪ್ರವಾಸಿ ಹಡಗ ಎರಡಕ್ಕಿಂತ ಹೆಚ್ಚು ಬಿಡಂಗಿಲ್ಲ. ಆ ಪಾರ್ಕಿನ ರೇಂಜರ್‌ಗಳು ಸಣ್ಣ ಬೋಟಿನಾಗ ಬಂದು ನಮ್ಮ ಹಡಗ ಹತ್ತಿ, ಮೈಕಿನಾಗ ಎಲ್ಲಾರಿಗೂ ತಿಳಿಸಿ ಹೇಳತಾರ. ಮಾರ್ಜರಿ ಅನ್ನೋ ಹಿಮನದಿ ಮುಂದ ಹಡಗ ನಿಂತು ನಿಧಾನಕ್ಕ ತಿರುಗತದ, ಎರಡೂ ಕಡೆ ಖೋಲ್ಯಾಗಿನವರಿಗೆ ಕಾಣಲಿ ಅಂತ. ಒಂದು ಮೈಲು ಅಗಲ, ನೀರಿನ ಮ್ಯಾಲೆ 250 ಫೂಟ್ ಎತ್ತರದ ನೀಲಿ ಗ್ವಾಡಿ. ಸ್ವೀಟಿನವರಿಗೆ ಬ್ಯಾರೆ ಹಿಮ ಇಲ್ಲ, ನಮಗ ಬ್ಯಾರೆ ಹಿಮ ಇಲ್ಲ. ನಾವು ಆರೂ ಮಂದಿ ಆ ಜೋಡು ಬಾಲ್ಕನ್ಯಾಗ ಶಾಲು ಹೊದ್ದು ನಿಂತಿದ್ವಿ. ಒಂದು ದೊಡ್ಡ ತುಂಡು ಕಳಚಿ ನೀರಾಗ ಬಿತ್ತು, ಗುಡುಗು ಆಮ್ಯಾಲೆ ಕೇಳಸ್ತು. ಬೀಗತಿಯವರು ನನ್ನ ಕೈ ಗಟ್ಟಿ ಹಿಡಕೊಂಡ್ರು. "ಇವರು ಇದ್ದಿದ್ರ ಎಷ್ಟು ಖುಷಿ ಪಡತಿದ್ರು, ವೈನಿಯವರ" ಅಂದ್ರು. ನಾಲ್ಕು ವರ್ಷದಾಗ ಬೀಗರ ಸುದ್ದಿ ಅವರು ನನ್ನ ಮುಂದ ತಗದದ್ದು ಅದ ಮೊದಲು. ಆಮ್ಯಾಲೆ ಒಂದು ತಾಸು ಮಾತಾಡಿದ್ರು. ಬೀಗರು ಹೆಂಗ ಸಿಟ್ಟು ಮಾಡತಿದ್ರು, ಚಹಾದಾಗ ಎಷ್ಟು ಸಕ್ಕರಿ ಬೇಕಿತ್ತು, ಎಲ್ಲಾ. ನಾ ಸುಮ್ಮನ ಕೇಳಿದೆ.

ಹಂಗಾದ್ರ ಸ್ವೀಟ್ ಯಾರಿಗೆ? ನನಗ ತಿಳದಂಗ ಹೇಳತೇನಿ. ಬಂದರ ಕಡಿಮಿ, ನಡುಸಮುದ್ರದ ದಿನ ಜಾಸ್ತಿ ಇದ್ರ, ಹಡಗ ಭಾಳ ದೊಡ್ಡದಿದ್ರ, ಮಂದಿ ಗದ್ದಲ ತಡಕೊಳ್ಳಲಿಕ್ಕೆ ಆಗದವರಿದ್ರ, ಕುಡಿಯೋದು ತಿನ್ನೋದು ಎಲ್ಲಾ ನಡಿಯೋ ಮಂದಿ ಇದ್ರ ತೊಗೋಬಹುದು. ದಿನಾ ಮುಂಜಾನೆ ಇಳದು ಊರ ನೋಡಲಿಕ್ಕೆ ಹೋಗೋರಿದ್ರ ದೊಡ್ಡ ಖೋಲಿ ಬೀಗ ಹಾಕಿಕೊಂಡು ಇರತದ ಅಷ್ಟ. ನಾವು ಸ್ಕಾಗ್ವೇದಾಗ 1900ರಾಗ ಕಟ್ಟಿ ಮುಗಿಸಿದ ವೈಟ್ ಪಾಸ್ ರೈಲಿನಾಗ ಗುಡ್ಡಾ ಹತ್ತಿ ಬಂದ್ವಿ. ಅವತ್ತು ಖೋಲ್ಯಾಗ ಇದ್ದದ್ದು ನಿದ್ದಿಗಷ್ಟ. ಗಾಲಿಕುರ್ಚಿ ಮ್ಯಾಲೆ ಓಡಾಡೋ ಹಿರಿಯರಿದ್ರ ಸ್ವೀಟ ಬೇಕಂತಿಲ್ಲ, ಸಾದಾ ದರದಾಗೂ ಅಗಲ ಬಾಗಲ, ಹೊಸ್ತಿಲಿಲ್ಲದ ಬಚ್ಚಲ ಇರೋ ಖೋಲಿ ಇರತಾವ. ಕಡಿಮಿ ಇರತಾವ, ಮೊದಲ ಕೇಳಬೇಕು.

ಇನ್ನ ಕೆಲವು ಕಂಪನಿಯವರು ಹರಾಜು ಇಡತಾರ. ಸಾದಾ ಖೋಲಿ ತೊಗೊಂಡವರು "ಸ್ವೀಟ್ ಖಾಲಿ ಉಳದ್ರ ಇಷ್ಟು ಕೊಡತೇನಿ" ಅಂತ ಕೂಗಬಹುದು. ಅಗ್ಗ ಸಿಕ್ಕರೂ ಸಿಗತದ. ಆದ್ರ ಕೂಗಿದ ರೊಕ್ಕ ತಲಿಗೆ, ಖೋಲಿಗಲ್ಲ. ಇಬ್ಬರಿದ್ರ ಎರಡಪಟ್ಟು ಹಿಡೀರಿ, ಒಪ್ಪಿದ ಮ್ಯಾಲೆ ವಾಪಸ್ ಬರಂಗಿಲ್ಲ. ಜೋಡು ಬಾಲ್ಕನಿ ಬೇಕಂದವರು ಇದರ ಗೊಡವಿಗೆ ಹೋಗಬ್ಯಾಡ್ರಿ, ಒಬ್ಬರು ಎಲ್ಲೋ, ಒಬ್ಬರು ಎಲ್ಲೋ ಆಗತೀರಿ.

ನಮ್ಮ ಓಣಿಯವರು ದೀಪಾವಳಿ ಸೂಟ್ಯಾಗ ಮುಂಬೈದಿಂದ ಹೊಂಡೋ ಕಾರ್ಡೇಲಿಯಾ ಹಡಗಿಗೆ ಹೋಗಬೇಕಂತ ನನ್ನ ಕೇಳಲಿಕ್ಕೆ ಹತ್ಯಾರ. ಎರಡು ರಾತ್ರಿದ್ದಾದ್ರ ಸ್ವೀಟ್ ಬ್ಯಾಡ ಅಂತ ನಾ ಹೇಳತೇನಿ. ಹತ್ತೋ ದಿನ ಅರ್ಧಾ, ಇಳಿಯೋ ದಿನ ಮುಂಜಾನೆನ ಖೋಲಿ ಬಿಡಬೇಕು, ನಡುವ ಉಳಿಯೋದು ಒಂದ ಪೂರ್ತಿ ದಿನ. ಅದು 1990ರಾಗ ಕಟ್ಟಿದ ಹಡಗ, ಈಗಿನ ದೈತ್ಯ ಹಡಗಿನಷ್ಟು ದೊಡ್ಡದಲ್ಲ, ಗದ್ದಲದಿಂದ ತಪ್ಪಿಸಿಕೊಳ್ಳಲಿಕ್ಕಂತ ಅಷ್ಟು ರೊಕ್ಕ ಸುರಿಯೋ ಜರೂರಿಲ್ಲ. ಜೈನ ಊಟಾನೂ ಸಿಗತದ, ಹೊಟ್ಟಿ ಚಿಂತಿ ಬ್ಯಾಡ. ಬುಕ್ ಮಾಡೋ ಮುಂದ ಒಂದು ಹಾಳ್ಯಾಗ ಹೋಗೋರ ಹೆಸರು ಬರೀರಿ. ಬಾಜೂಕ, ಮನ್ಯಾಗ ಉಳಿಯೋರ ಹೆಸರೂ ಬರೀರಿ. ಆಮ್ಯಾಲೆ ದರ ಕೇಳ್ರಿ.