ಕಲ್ಯಾಣದ ದಾರಿಯಲ್ಲಿ ಕಳೆದುಹೋದ ನೋಟ್‌ಬುಕ್



ಬಹಳ ದಿನಗಳಿಂದ ಇಲ್ಲಿ ಏನನ್ನೂ ಬರೆಯಲಾಗಲಿಲ್ಲ, ಕ್ಷಮೆಯಿರಲಿ. ಇಂದು ಬರೆಯುತ್ತಿರುವುದು ಪ್ರವಾಸದ ಕಥೆಯಾದರೂ ಅದರೊಳಗೆ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

ನಾನು ಹುಮನಾಬಾದಿನಲ್ಲಿ ಶಿಕ್ಷಕನಾಗಿದ್ದ ದಿನಗಳಲ್ಲಿ ನನ್ನ ಬಳಿ ಒಂದು ಯೆಜ್ಡಿ ಮೋಟಾರ್‌ ಸೈಕಲ್ ಇದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ಕಿಕ್ಕಿಗೂ ಗೇರಿಗೂ ಒಂದೇ ಲಿವರ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಾಗಿದ್ದುದರಿಂದ ನಾನು ಶಾಲೆಯ ಗೇಟು ಸೇರುವ ಮೊದಲೇ ಅದರ ಹೊಗೆ ಸೇರುತ್ತಿತ್ತು! ಆ ಗಾಡಿಯ ಹಿಂದಿನ ಸೀಟು ನಮ್ಮ ಇತಿಹಾಸದ ಸರ್ ಅವರಿಗೆ ಮೀಸಲು. ತಿಂಗಳಿಗೊಂದು ಭಾನುವಾರ ನಾವಿಬ್ಬರೂ ಬಸವಕಲ್ಯಾಣಕ್ಕೆ ಹೊರಡುತ್ತಿದ್ದೆವು. ಮಾಣಿಕನಗರದಲ್ಲಿ ಪ್ರಭುಗಳ ದರ್ಶನ, ರಾಜೇಶ್ವರದಲ್ಲಿ ಚಹಾ, ಸಸ್ತಾಪುರ ಬಂಗ್ಲಾದ ಬಳಿ ಹೆದ್ದಾರಿಯನ್ನು ಬಿಟ್ಟು ಊರಿನ ಕಡೆಗೆ ತಿರುವು. ಹೆಚ್ಚೆಂದರೆ 30 ಕಿಲೋಮೀಟರಿನ ಹಾದಿ. ಆದರೆ ನಮಗೆ ಇಡೀ ದಿನ ಸಾಲುತ್ತಿರಲಿಲ್ಲ. ಕೋಟೆ, ತ್ರಿಪುರಾಂತ ಕೆರೆ, ನಾರಾಯಣಪುರದ ಶಿವಾಲಯ ಎಂದು ಸುತ್ತುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ನಾನು ವೇಗ ಹೆಚ್ಚಿಸಿದರೆ ಹಿಂದಿನಿಂದ ಭುಜ ತಟ್ಟಿ, “ಅಷ್ಟ್ಯಾಕ ಜೋರ್ ಹೊಡೀಲತ್ತೀರಿ ಮಾಸ್ತರ? ಕಲ್ಲು ಎಲ್ಲಿಗೂ ಓಡಿ ಹೋಗಂಗಿಲ್ಲ” ಎನ್ನುತ್ತಿದ್ದರು.

ಅವರ ಕೈಯಲ್ಲಿ ಸದಾ ಒಂದು ದಪ್ಪ ನೋಟ್‌ಬುಕ್ ಇರುತ್ತಿತ್ತು. ಯಾವ ಹೊಲದ ಬದುವಿನಲ್ಲಿ ವೀರಗಲ್ಲಿದೆ, ಯಾವ ಶಾಸನದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಾರೆ, ಊರಿನ ಹಿರಿಯರು ಯಾವ ಕಲ್ಲಿಗೆ ಏನೆಂದು ಕರೆಯುತ್ತಾರೆ ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತಿತ್ತು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಂತರವಂತೂ ಗುಡಿಗಳ ಸ್ಥಿತಿಯನ್ನು ನೋಡಿ ಬರೆಯಲು ವಾರವಾರವೂ ನನ್ನನ್ನು ಹೊರಡಿಸಿದರು.

1994ರ ಮಳೆಗಾಲದಲ್ಲಿ ಅವರು ಆ ನೋಟ್‌ಬುಕ್ಕನ್ನು ನನಗೆ ಕೊಟ್ಟರು. “ನಿಮ್ಮ ಅಕ್ಷರ ಛಲೋ ಅದ, ಒಂದು ಶುದ್ಧ ಪ್ರತಿ ಮಾಡಿಕೊಡ್ರಿ” ಎಂದರು. ಬಸವಕಲ್ಯಾಣದಿಂದ ಆ ಸಂಜೆ ನಾನೊಬ್ಬನೇ ಮಳೆಯಲ್ಲಿ ಮರಳಿದೆ. ಮನೆಗೆ ಬಂದು ನೋಡಿದರೆ ಪಕ್ಕದ ಡಬ್ಬಿಯ ಮುಚ್ಚಳ ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಮರುದಿನ ಬೆಳಗಿನ ಜಾವ ರಾಜೇಶ್ವರದವರೆಗೂ ರಸ್ತೆಯ ಅಂಚನ್ನು ಹುಡುಕುತ್ತ ಹೋದೆ. ಸಿಗಲಿಲ್ಲ.

ಸತ್ಯ ಹೇಳುವ ಧೈರ್ಯ ನನಗಾಗಲಿಲ್ಲ. “ಮನೆಯಲ್ಲಿದೆ, ಬರೆಯುತ್ತಿದ್ದೇನೆ” ಎಂದೆ. ಅವರು ಎರಡು ಸಲ ಕೇಳಿದರು, ಆಮೇಲೆ ಕೇಳಲಿಲ್ಲ. ಎರಡು ವರ್ಷಗಳ ನಂತರ ನನಗೆ ವರ್ಗವಾಯಿತು. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡುತ್ತಿದ್ದವನು ಆ ಒಂದು ಸುಳ್ಳನ್ನು ಹೊತ್ತುಕೊಂಡೇ ಊರು ಬಿಟ್ಟೆ. ಅವರು 2021ರಲ್ಲಿ ತೀರಿಕೊಂಡರು.

ಕಳೆದ ಡಿಸೆಂಬರಿನಲ್ಲಿ ದತ್ತ ಜಯಂತಿಗೆಂದು ಮಾಣಿಕನಗರಕ್ಕೆ ಹೋದಾಗ ಅವರ ಮಗ ಸಿಕ್ಕಿದ. “ಕಾಕಾ, ಕಲ್ಯಾಣಕ್ಕ ಹೋಗಿ ಬರೋಣ ಬರ್ರಿ” ಎಂದು ತನ್ನ ಬೈಕಿನ ಹಿಂದೆ ಕೂರಿಸಿಕೊಂಡ. ಈಗ ಹಿಂದಿನ ಸೀಟು ನನ್ನದು. ಅಂದಿನ 9ನೇ ನಂಬರಿನ ಹೆದ್ದಾರಿ ಈಗ 65 ಆಗಿದೆ, ನಾಲ್ಕು ಪಥವಾಗಿದೆ. ಜೋಳ, ಉದ್ದು ಬೆಳೆಯುತ್ತಿದ್ದ ಎಷ್ಟೋ ಹೊಲಗಳಿಗೆ ಸೋಯಾ ಬಂದಿದೆ. ನಾವು ತಿರುಗಾಡುವಾಗ ಇಲ್ಲದ 108 ಅಡಿಯ ಬಸವಣ್ಣನವರ ಪ್ರತಿಮೆ 2012ರಿಂದ ನಿಂತಿದೆ. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿತು. ಕೋಟೆಯ ಕಪ್ಪು ಕಲ್ಲುಗಳು ಮಾತ್ರ ಸರ್ ಹೇಳಿದಂತೆ ಎಲ್ಲಿಗೂ ಓಡಿ ಹೋಗಿರಲಿಲ್ಲ.

ಮರಳುವಾಗ ಹುಮನಾಬಾದ ದಾಟಿ ಜಲಸಂಗ್ವಿಗೂ ಹೋದೆವು. ಅಲ್ಲಿಯ ಚಾಲುಕ್ಯರ ಗುಡಿಯ ಹೊರಗೋಡೆಯಲ್ಲಿ ಬೆನ್ನು ತಿರುವಿ ನಿಂತು, ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತದ ಸಾಲುಗಳನ್ನು ಕೆತ್ತುತ್ತಿರುವ ಶಿಲಾಬಾಲಿಕೆಯಿದ್ದಾಳೆ. ಆ ಅರಸ ಆಳಿದ್ದು 1076ರಿಂದ 1126ರವರೆಗೆ. ಒಂಬತ್ತು ಶತಮಾನ ಕಳೆದರೂ ಅವಳ ಬರಹ ಉಳಿದಿದೆ. ನನ್ನ ಕೈಗೆ ಬಂದ ಬರಹ ಒಂದು ರಾತ್ರಿಯೂ ಉಳಿಯಲಿಲ್ಲ. ಅವಳೆದುರು ನಿಂತು ಹುಡುಗನಿಗೆ ಎಲ್ಲವನ್ನೂ ಹೇಳಿಬಿಟ್ಟೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಅಪ್ಪ ಕಡೀತನಕ ಹೇಳ್ತಿದ್ರು ಕಾಕಾ, ಆ ನೋಟ್‌ಬುಕ್ ಮಾಸ್ತರ ಕಡೆ ಭದ್ರ ಅದ ಅಂತ. ಅದಕ್ಕೇ ಮತ್ತೊಮ್ಮೆ ಬರೀಲಿಲ್ಲ” ಎಂದ.

ಅವನು ಬೈದಿದ್ದರೆ ಹಗುರವಾಗುತ್ತಿತ್ತು.

ಹುಮನಾಬಾದಿನ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಸರ್ ತಮ್ಮ ಟಿಪ್ಪಣಿಗಳನ್ನು ಆಗಾಗ ತರಗತಿಯಲ್ಲಿ ಓದಿ ಬರೆಸುತ್ತಿದ್ದರು. ನಿಮ್ಮ ಊರಿನ ಕಲ್ಲುಗಳ ಬಗ್ಗೆ ನಿಮ್ಮಿಂದಲೇ ಕೇಳಿ ಬರೆದುಕೊಂಡದ್ದೂ ಉಂಟು. ಅಟ್ಟದ ಮೇಲೆ, ಟ್ರಂಕಿನಲ್ಲಿ ಆ ಕಾಲದ ಇತಿಹಾಸದ ನೋಟ್‌ಬುಕ್ ಉಳಿದಿದ್ದರೆ ದಯವಿಟ್ಟು ತೆರೆದು ನೋಡಿ. ಒಂದು ಪುಟವಾದರೂ ಸರಿ, ಕಳಿಸಿಕೊಡಿ. ನೋಟ್‌ಬುಕ್ ಇಲ್ಲದವರು ನೆನಪಿದ್ದಷ್ಟನ್ನು ಬರೆಯಿರಿ. ನನ್ನ ಕೈ ಈಗ ನಡುಗುತ್ತದೆ, ಅಕ್ಷರ ಮೊದಲಿನಂತಿಲ್ಲ. ಆದರೂ ಆ ಶುದ್ಧ ಪ್ರತಿಯನ್ನು ಮಾಡಲು ಕುಳಿತಿದ್ದೇನೆ.