ರೈ ಎಲೆಯೊಳಗಿನ ಚಳಿಗಾಲ

ಕೆನಡಾದ ಆಂಟಾರಿಯೊ. ಅಕ್ಟೋಬರ್ ಸಂಜೆ. ಸೆಪ್ಟೆಂಬರಿನಲ್ಲಿ ಬಿತ್ತಿದ ರೈ ಎಂಬ ಧಾನ್ಯದ ಪೈರು ಗೇಣುದ್ದ ಬಂದಿದೆ. ಉಷ್ಣತೆ 4 ಡಿಗ್ರಿಗೆ ಇಳಿದಿದೆ, ನಿಮ್ಮ ಕೈ ತಾನಾಗಿಯೇ ಜೇಬು ಸೇರಿದೆ. ಇವತ್ತೇ ರಾತ್ರಿ ಮೈನಸ್ 10 ಆಗಿಬಿಟ್ಟರೆ ಬೆಳಗಿನ ಹೊತ್ತಿಗೆ ಹೊಲವೆಲ್ಲ ಸತ್ತು ಮಲಗಿರುತ್ತದೆ. ಚಳಿಗೆ ಪಳಗದ ರೈ ಮೈನಸ್ 5ರ ಆಸುಪಾಸಿನಲ್ಲೇ ಸಾಯುತ್ತದೆ. ಪಳಗಿತೋ, ಇದೇ ಸಸಿ ಮೈನಸ್ 30ಕ್ಕೂ ಜಗ್ಗುವುದಿಲ್ಲ.

ಬಗ್ಗಿ. ಒಂದು ಎಲೆಯೊಳಗೆ ಇಳಿಯೋಣ.

ಈಗ ನೀವು ಒಂದು ಜೀವಕೋಶದ ಒಳಗೆ, ಅದರ ಪೊರೆಗೆ ಬೆನ್ನು ಕೊಟ್ಟು ನಿಂತಿದ್ದೀರಿ. ಮಧ್ಯಾಹ್ನ ಮೆತ್ತಗೆ ಅಲುಗುತ್ತಿದ್ದ ಪೊರೆ ಬಿಗಿಯುತ್ತಿದೆ. ಅದು ಕೊಬ್ಬಿನದು. ಧನುರ್ಮಾಸದ ಬೆಳಗ್ಗೆ ತುಪ್ಪ ಗಟ್ಟಿಯಾಗಿ, ಪಕ್ಕದ ಕಡಲೆಕಾಯಿ ಎಣ್ಣೆ ಹಾಗೇ ತೆಳುವಾಗಿರುತ್ತದಲ್ಲ, ಇಲ್ಲಿನ ತೊಂದರೆಯೂ ಪರಿಹಾರವೂ ಅದೇ. ಪೊರೆ ಬಿಗಿದಂತೆ ಅದರಲ್ಲಿನ ಕಿಂಡಿಗಳು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಚಳಿ ಬಂತೆಂಬ ಸುದ್ದಿ ಕೋಶಕೇಂದ್ರಕ್ಕೆ ಮುಟ್ಟುತ್ತದೆ.

ಅಲ್ಲಿ ಏಳುವುದು ಸಿಬಿಎಫ್ ಎಂಬ ಜೀನ್‌ಗಳು. ಸಾಸಿವೆಯ ಕುಟುಂಬದ ಪುಟ್ಟ ಗಿಡ ಅರಾಬಿಡೋಪ್ಸಿಸ್‌ನಲ್ಲಿ ಇವು ಚಳಿ ತಾಗಿದ 15 ನಿಮಿಷದೊಳಗೆ ಎಚ್ಚರಗೊಳ್ಳುತ್ತವೆ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಥೊಮಾಶೋ ಅವರ ತಂಡ 1998ರಲ್ಲಿ, ಚಳಿಯನ್ನೇ ಕಾಣದ ಗಿಡದಲ್ಲಿ ಇಂಥ ಒಂದು ಜೀನನ್ನು ಜೋರಾಗಿ ದುಡಿಸಿ ನೋಡಿತು. ಗಿಡ ಹೆಪ್ಪುಗಟ್ಟುವ ಚಳಿಯನ್ನು ತಡೆದುಕೊಂಡಿತು. ಸಿಬಿಎಫ್ ತಾನೇ ಕೆಲಸ ಮಾಡುವುದಿಲ್ಲ, ಮಾಡಿಸುತ್ತದೆ. ಅದರ ಕೈಕೆಳಗೆ ಬೇರೆ ಜೀನ್‌ಗಳ ದೊಡ್ಡ ದಂಡೇ ಇದೆ.

ವಾರಗಳು ಉರುಳಲಿ. ನಿಮ್ಮ ಬೆನ್ನ ಹಿಂದಿನ ಪೊರೆ ಮತ್ತೆ ಸಡಿಲವಾಗಿದೆ: ಕೊಬ್ಬಿನ ನೇರ ಸರಪಳಿಗಳನ್ನು ಕಿಣ್ವಗಳು ಅಲ್ಲಲ್ಲಿ ಸೊಟ್ಟ ಮಾಡಿವೆ, ಒತ್ತೊತ್ತಾಗಿ ಕೂರಲು ಅವಕ್ಕೆ ಆಗುತ್ತಿಲ್ಲ. ಕೋಶದ ನೀರು ಸಿಹಿಯಾಗಿದೆ. ಸುಕ್ರೋಸ್, ರಾಫಿನೋಸ್, ಅವುಗಳ ನಡುವೆ ಪ್ರೋಲಿನ್ ಎಂಬ ಅಮೈನೊ ಆಮ್ಲ. ಫ್ರಿಜ್ಜಿನಲ್ಲಿ ಸಿಪ್ಪೆ ಕಪ್ಪಾಗುವ ಬಾಳೆಹಣ್ಣಿಗೆ ಈ ವಿದ್ಯೆ ಬಾರದು, ಪಾಪ. ಅದು ಮಂಜುಗಡ್ಡೆ ಕಾಣುವ ಮೊದಲೇ ಸೋಲುತ್ತದೆ.

ಡಿಸೆಂಬರ್ ರಾತ್ರಿ. ಮೈನಸ್ 10.

ಮಂಜುಗಡ್ಡೆ ಬಂದೇ ಬಿಟ್ಟಿತು, ಆದರೆ ನೀವಿರುವ ಕಡೆಗಲ್ಲ. ಕೋಶಗಳ ನಡುವಿನ ಸಂದುಗಳಲ್ಲಿ ನೀರು ತೆಳು, ಅದೇ ಮೊದಲು ಹೆಪ್ಪುಗಟ್ಟುತ್ತದೆ. ಆ ಮಂಜು ಕೋಶದೊಳಗಿನ ನೀರನ್ನು ಹೊರಕ್ಕೆ ಎಳೆಯತೊಡಗುತ್ತದೆ. ಗೋಡೆಗಳು ನಿಮ್ಮ ಮೇಲೆ ಮುದುಡಿ ಬರುತ್ತಿವೆ. ಇಷ್ಟು ಚಳಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು ಹೊರಟುಹೋಗಬಹುದು. ಹೆಪ್ಪುಗಟ್ಟುವ ಗಿಡ ಬಹುಪಾಲು ಸಾಯುವುದು ಹೀಗೆ ಒಣಗಿ. ಬರಗಾಲದ ಗಿಡವೂ ಚಳಿಗಾಲದ ಗಿಡವೂ ಹಲವು ಜೀನ್‌ಗಳನ್ನು ಹಂಚಿಕೊಂಡಿರುವುದು ಇದಕ್ಕೇ. ನೀರು ಹೋದಂತೆ ಪೊರೆಗಳು ಒಂದಕ್ಕೊಂದು ಒತ್ತಿಕೊಂಡು ಬೆಸೆದುಹೋಗುವ ಅಪಾಯ. ಅಕ್ಟೋಬರಿನಿಂದ ಕೂಡಿಟ್ಟ ಸಕ್ಕರೆ, ಡಿಹೈಡ್ರಿನ್ ಪ್ರೋಟೀನ್‌ಗಳು ಆ ಸಂದಿನಲ್ಲಿ ನಿಂತು ಪೊರೆಗಳನ್ನು ಕಾಯುತ್ತವೆ.

ಗೋಡೆಯಾಚೆ ಇನ್ನೊಂದು ಕೆಲಸ ನಡೆದಿದೆ. ಕೆಲವು ಪ್ರೋಟೀನ್‌ಗಳು ಮಂಜಿನ ಹರಳುಗಳ ಮೈಗೆ ಅಂಟಿಕೊಂಡು ಅವು ದೊಡ್ಡದಾಗದಂತೆ ತಡೆಯುತ್ತಿವೆ. ಇದೇ ಆಂಟಾರಿಯೊದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಮ್ಯಾರಿಲಿನ್ ಗ್ರಿಫಿತ್ ಮತ್ತು ಸಂಗಡಿಗರು 1992ರಲ್ಲಿ ಇವನ್ನು ರೈ ಎಲೆಯಲ್ಲಿ ಕಂಡರು. ಆಮೇಲೆ ತಿಳಿದದ್ದು ಇನ್ನೂ ಸ್ವಾರಸ್ಯ: ಇವು ಶಿಲೀಂಧ್ರಗಳ ವಿರುದ್ಧ ಗಿಡಗಳು ಬಳಸುವ ಪ್ರೋಟೀನ್‌ಗಳ ಬಳಗದವೇ. ಹಿಮದಡಿಯ ಕತ್ತಲಲ್ಲಿ ಬೂಷ್ಟು ಹೊಂಚು ಹಾಕಿರುವಾಗ ಒಂದೇ ಆಯುಧ ಎರಡು ಕಡೆ ದುಡಿದರೆ ಲಾಭವೇ. ಇಂಥ ಜಿಪುಣತನ ನನಗಿಷ್ಟ.

ಆದರೂ ನನ್ನನ್ನು ಕೇಳಿದರೆ ಈ ಹೊಲ ಹೆದರಬೇಕಾದ್ದು ಜನವರಿಗಲ್ಲ, ಮಾರ್ಚಿಗೆ. ವಾರಗಟ್ಟಲೆ ಕಲಿತ ಪಾಠವನ್ನು ಗಿಡ ಕೆಲವೇ ದಿನಗಳ ಬೆಚ್ಚನೆ ಬಿಸಿಲಲ್ಲಿ ಕಳೆದುಕೊಳ್ಳುತ್ತದೆ. ಅಷ್ಟರಲ್ಲಿ ಅದರ ಸುಳಿ ತೆನೆಯ ತಯಾರಿಗೆ ತಿರುಗಿರುತ್ತದೆ. ಮೊದಲಿನಷ್ಟು ಪಳಗಲು ಇನ್ನಾಗದು. ಆಗ ಒಂದು ರಾತ್ರಿ ಚಳಿ ಮರಳಿ ಬಂದರೆ, ನಡುಚಳಿಗಾಲವನ್ನೇ ಗೆದ್ದ ಸಸಿಗೆ ಅದರ ಅರ್ಧ ಚಳಿಯೇ ಸಾಕಾಗಬಹುದು.